ಸಕ್ಕರೆ ಬದಲು ಓಲೆ ಬೆಲ್ಲವಾ, ಅಲ್ಲ ಸಿಹಿಯನ್ನೇ ಕಮ್ಮಿ ಮಾಡೋದಾ?

ನಮ್ಮ ಮಂಗಳೂರಲ್ಲಿ ಸಕ್ಕರೆ ಬಿಡ್ತೇನೆ ಅಂತ ಹೊರಟವರು ಸುಮಾರು ಜನ ಸೀದಾ ಹೋಗೋದು ಓಲೆ ಬೆಲ್ಲಕ್ಕೆ, ಅಂದ್ರೆ ಒಣ ಓಲೆಯಲ್ಲಿ ಸುತ್ತಿಟ್ಟ ಬೆಲ್ಲಕ್ಕೆ. ರುಚಿಗೆ ಅದೇ ಮೇಲು ಮಾರಾಯ್ರೆ, ಓಲೆ ಬಿಚ್ಚುವಾಗ ಬರುವ ಆ ಹೊಗೆ ಪರಿಮಳ ಸಕ್ಕರೆಗೆ ಎಲ್ಲಿಂದ ಬರಬೇಕು, ಸ್ವಲ್ಪ ಖನಿಜಾಂಶವೂ ಉಂಟು. ಆದ್ರೆ ಬೆಲ್ಲದಲ್ಲೂ ಹೆಚ್ಚಿನ ಪಾಲು ಸುಕ್ರೋಸೇ, ಅಂದ್ರೆ ಸಕ್ಕರೆಯಲ್ಲಿರುವ ಅದೇ ಸಿಹಿ, ಕ್ಯಾಲೊರಿಯೂ ಹತ್ತಿರ ಹತ್ತಿರ ಅಷ್ಟೇ, ಹಾಗಾಗಿ ಶುಗರ್ ಇದ್ದವರು ಬೆಲ್ಲ ಅಲ್ವಾ ಅಂತ ಧೈರ್ಯ ಮಾಡೋದು ಬೇಡ.

ಕಮ್ಮಿ ಮಾಡೋದು ಕಷ್ಟ, ಆದ್ರೆ ನನ್ನ ಓಟು ಅದಕ್ಕೇ. ಒಂದು ಚಮಚ ಸಕ್ಕರೆ ಅಂದ್ರೆ ಸುಮಾರು 4 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ದಿನಕ್ಕೆ 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು, ಜೇನೂ ಅದ್ರಲ್ಲೇ ಸೇರಿ. ನಂದು ದಿನಕ್ಕೆ ನಾಲ್ಕು ಚಾ, ಒಂದೊಂದಕ್ಕೆ ಎರಡು ಚಮಚ, ಅಲ್ಲಿಗೇ 32 ಗ್ರಾಂ ಆಯ್ತು, ಬನ್ಸಿನ ಲೆಕ್ಕ ಬೇರೆ! ಎರಡೆರಡು ವಾರಕ್ಕೆ ಅರ್ಧರ್ಧ ಚಮಚ ಇಳಿಸ್ತಾ ಬಂದೆ, ಮೊದಲು ಚಾ ಬರೀ ಒಗರು ಅನ್ನಿಸ್ತಿತ್ತು, ಈಗ ಹೋಟೆಲಿನ ಚಾ ಕುಡಿದ್ರೆ ಪಾಯಸ ಕುಡಿದ ಹಾಗೆ ಆಗ್ತದೆ, ಮಧ್ಯಾಹ್ನ ಮೂರು ಗಂಟೆಯ ತೂಕಡಿಕೆಯೂ ನಂಗೆ ಕಮ್ಮಿಯಾಗಿದೆ.

ಶುಗರಿನ ಮಾತ್ರೆ ತಕೊಳ್ಳುವವರು ಮಾತ್ರ ಡಾಕ್ಟರ ಹತ್ರ ಕೇಳಿಯೇ ಇಳಿಸಿ. ಸೆಕೆಗೆ ಶರಬತ್ತು ಬೇಕು ಅನ್ನಿಸಿದ್ರೆ ಪುನರ್ಪುಳಿ (ಕೋಕಂ) ನೀರಿಗೆ ಉಪ್ಪು, ಜೀರಿಗೆ ಪುಡಿ ಹಾಕಿ ಕುಡಿದು ನೋಡಿ.