ಟ್ರೈನ್ಡ್ ನರ್ಸ್ ಅಂತ ದುಡ್ಡು ತಗೊಂಡರು, ಅಮ್ಮನಿಗೆ ನಿದ್ದೆ ಮಾತ್ರೆ ಹಾಕಿ ಮಲಗಿಸಿದರು. ಮೈಸೂರಿನವರು ದಯವಿಟ್ಟು ಓದಿ

ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳೋಕೆ ಏಜೆನ್ಸಿ ಮೂಲಕ ಹೋಮ್ ನರ್ಸ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಹಾಕುವ ಮುಂಚೆ ಇದನ್ನು ಓದಿ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ನೆಂಟರ ಮುಂದೆ ಹೇಳಿಕೊಳ್ಳೋಕೆ ನಾಚಿಕೆಯೂ ಆಗುತ್ತೆ. ಆದರೂ ಬರೆಯುತ್ತಿದ್ದೇನೆ. ನಮ್ಮ ರಾಮಕೃಷ್ಣನಗರ, ಕುವೆಂಪುನಗರದ ಕಡೆ ಎಷ್ಟೋ ಮನೆಗಳಲ್ಲಿ ಈಗ ಬರೀ ವಯಸ್ಸಾದವರೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಈ ಏಜೆನ್ಸಿಯವರಿಗೆ ಬೇಕಾಗಿರೋದು ಇಂಥ ಮನೆಗಳೇ.

ಅಮ್ಮನಿಗೆ 78 ವರ್ಷ. ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ಆಗುವಾಗ ವಾಕರ್ ಹಿಡಿದು ಬಾಗಿಲ ತನಕ ಹೋಗಿ ಬರುತ್ತಿದ್ದರು. ದಿನಾ ಎಬ್ಬಿಸಿ, ಸ್ವಲ್ಪ ಸ್ವಲ್ಪ ನಡೆಸಿ, ಮಲಗಿಸಿಯೇ ಇಡಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ನನ್ನ ಕೆಲಸ ಬೆಂಗಳೂರಿನಲ್ಲಿ. ಏಜೆನ್ಸಿಗೆ ಫೋನ್ ಮಾಡಿದೆ. "ಟ್ರೈನ್ಡ್ ನರ್ಸನ್ನೇ ಕಳಿಸ್ತೀವಿ ಸರ್. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಬಿಪಿ, ಶುಗರ್ ಎಲ್ಲ ನೋಡ್ತಾರೆ" ಅಂದರು. ತಿಂಗಳಿಗೆ 24 ಸಾವಿರ, ಒಂದು ತಿಂಗಳದ್ದು ಅಡ್ವಾನ್ಸ್, ರಿಜಿಸ್ಟ್ರೇಷನ್ ಅಂತ ಬೇರೆ 3 ಸಾವಿರ. ಸರ್ಟಿಫಿಕೇಟ್ ಕೇಳಿದೆ. "ಆಫೀಸಿನಲ್ಲಿದೆ, ವಾಟ್ಸಾಪ್ ಮಾಡ್ತೀವಿ" ಅಂದರು. ಅದು ಇವತ್ತಿನವರೆಗೂ ಬಂದಿಲ್ಲ. ನರ್ಸ್ ಅಂತ ಒಬ್ಬಳು ಹುಡುಗಿಯನ್ನು ಕಳಿಸಿದರು.

ಆಮೇಲೆ ಯಾವಾಗ ಫೋನ್ ಮಾಡಿದರೂ ಒಂದೇ ಮಾತು, ಅಜ್ಜಿ ಮಲಗಿದ್ದಾರೆ. ಬೆಳಿಗ್ಗೆ ಮಾಡಿದರೂ ಮಲಗಿದ್ದಾರೆ, ಸಂಜೆ ಮಾಡಿದರೂ ಮಲಗಿದ್ದಾರೆ. ನಮ್ಮಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ಆಕಾಶವಾಣಿ ಹಾಕುವವರು. ಏಜೆನ್ಸಿಯವನನ್ನು ಕೇಳಿದರೆ "ಆಪರೇಷನ್ ಆಗಿದೆಯಲ್ಲ ಸರ್, ಬಾಡಿ ರೆಸ್ಟ್ ಕೇಳುತ್ತೆ" ಅಂದ. ಎಷ್ಟು ತಣ್ಣಗೆ ಹೇಳಿದ ಅಂದರೆ, ಈಗ ನೆನೆಸಿಕೊಂಡರೂ ಮೈ ಉರಿಯುತ್ತೆ.

ಶನಿವಾರ ಹೇಳದೆ ಕೇಳದೆ ಮನೆಗೆ ಬಂದೆ. ಮಧ್ಯಾಹ್ನದ ಹೊತ್ತು. ರೂಮಿನ ಬಾಗಿಲಲ್ಲೇ ವಾಸನೆ. ಅಮ್ಮನನ್ನು ಎಬ್ಬಿಸಿದರೆ ಕಣ್ಣು ಬಿಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಮುಚ್ಚಿಕೊಳ್ಳುತ್ತಾರೆ. ಮಗ್ಗುಲಿಗೆ ಹೊರಳಿಸಿದೆ. ನೈಟಿ ಬೆನ್ನಿನ ಕೆಳಗೆ ಅಂಟಿಕೊಂಡಿತ್ತು. ನೀರು ಹಚ್ಚಿ ಬಿಡಿಸಿದರೆ, ಬಾಲದ ಮೂಳೆಯ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲ ಚರ್ಮವೇ ಇಲ್ಲ. ಒಳಗಿನ ಕೆಂಪು ಮಾಂಸ ಕಾಣುತ್ತಿದೆ. ನಾನು ಮುಟ್ಟಿದಾಗ ಅಮ್ಮ ನೋವು ಅಂತ ಕೂಡ ಅನ್ನಲಿಲ್ಲ.

ಔಷಧಿ ಡಬ್ಬ ತೆಗೆದು ಡಿಸ್ಚಾರ್ಜ್ ಶೀಟ್ ಪಕ್ಕ ಇಟ್ಟು ಒಂದೊಂದೇ ನೋಡಿದೆ. ಒಂದು ಸ್ಟ್ರಿಪ್ ಶೀಟಿನಲ್ಲಿ ಇರಲೇ ಇಲ್ಲ. ಹಿಂದೆ ಕೆಂಪು ಗೆರೆ. ಆಲ್ಪ್ರಜೋಲಾಮ್, ನಿದ್ದೆ ಬರಿಸುವ ಮಾತ್ರೆ. ಮುಕ್ಕಾಲು ಖಾಲಿಯಾಗಿತ್ತು.

ಆ ಹುಡುಗಿ ಅಳೋಕೆ ಶುರು ಮಾಡಿದಳು. "ಆಫೀಸಿನವರೇ ಕೊಟ್ಟಿದ್ದು ಅಣ್ಣ. ರಾತ್ರಿ ಅಜ್ಜಿ ಕೂಗಿದರೆ ಅರ್ಧ ಕೊಡು, ಹಗಲು ಗಲಾಟೆ ಮಾಡಿದರೆ ಇನ್ನರ್ಧ ಕೊಡು ಅಂದ್ರು." ಅವಳು ಮದ್ದೂರಿನ ಕಡೆಯವಳು, ಅದಕ್ಕೆ ಮುಂಚೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬಿಪಿ ಮೆಷಿನ್ ಕೈಯಲ್ಲಿ ಹಿಡಿದವಳೇ ಅಲ್ಲ. ನಾನು ಕೊಡುವ 24 ಸಾವಿರದಲ್ಲಿ ಅವಳಿಗೆ ಸಿಗುತ್ತಿದ್ದದ್ದು 11 ಸಾವಿರ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿ ಯಾಕೆ ಕೂಗುತ್ತಿದ್ದರು ಅಂತ ಕೇಳಿದೆ. "ಬಾತ್‌ರೂಮಿಗೆ ಹೋಗಬೇಕು ಅಂತ" ಅಂದಳು.

ಅಷ್ಟೇ. ಬಾತ್‌ರೂಮಿಗೆ ಹೋಗಬೇಕು ಅಂತ ಕೂಗಿದ್ದು ಅವರಿಗೆ ಗಲಾಟೆ.

ಏಜೆನ್ಸಿಯವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲು, "ವಯಸ್ಸಾದವರಿಗೆ ಬೆಡ್‌ಸೋರ್ ಕಾಮನ್ ಸರ್." (ಬೆಡ್‌ಸೋರ್ ಅಂದರೆ ಮಲಗಿಯೇ ಇದ್ದು ಮೈಮೇಲೆ ಆಗುವ ಹುಣ್ಣು.) ಮಾತ್ರೆ ಬಗ್ಗೆ ಕೇಳಿದರೆ, "ನಾವು ಕೊಟ್ಟಿಲ್ಲ, ಹುಡುಗಿ ತಂದಿರಬೇಕು." ನರ್ಸ್ ಅಂದಿರಲ್ಲ ಅಂದರೆ, "ನರ್ಸಿಂಗ್ ಕೇರ್ ಅಂದಿದ್ದು ಸರ್, ನರ್ಸ್ ಅಂದಿಲ್ಲ." ನಾನು ದನಿ ಏರಿಸಿದ ಮೇಲೆ, "ಅಷ್ಟು ಪ್ರೀತಿ ಇದ್ದರೆ ಮಗ ಆಗಿ ನೀವೇ ಜೊತೆಗಿದ್ದು ನೋಡ್ಕೋಬೇಕಿತ್ತು ಅಲ್ವಾ?" ನನ್ನ ದುಡ್ಡು ತಗೊಂಡು, ನನ್ನ ಅಮ್ಮನ ಬೆನ್ನು ಹುಣ್ಣು ಮಾಡಿ, ನನಗೇ ಈ ಮಾತು. ಸಂಜೆ ಒಂದು ಮೆಸೇಜ್ ಬಂತು. "ಅಡ್ವಾನ್ಸ್ ವಾಪಸ್ ಇಲ್ಲ. ಬೇಕಿದ್ದರೆ ಬೇರೆ ಸ್ಟಾಫ್ ಕಳಿಸ್ತೀವಿ." ಕೊನೆಯಲ್ಲಿ ಕೈ ಮುಗಿಯುವ ಚಿತ್ರ. ಆಮೇಲೆ ನನ್ನ ನಂಬರ್ ಬ್ಲಾಕ್.

ಬೆಡ್‌ಸೋರ್ ಕಾಮನ್, ತಪ್ಪಿಸೋಕೆ ಆಗಲ್ಲ ಅನ್ನೋದು ಸುಳ್ಳು. ನಮ್ಮ ಡಾಕ್ಟರು ಬಿಡಿಸಿ ಹೇಳಿದರು. ಒಂದೇ ಕಡೆ ಒತ್ತಡ ಬಿದ್ದರೆ ಅಲ್ಲಿಗೆ ರಕ್ತ ಹೋಗುವುದಿಲ್ಲ, ಚರ್ಮ ಸಾಯುತ್ತೆ. ಅದಕ್ಕೇ ತಾವಾಗಿ ಹೊರಳಲಾಗದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಶುರುವಿನಲ್ಲಿ ಬರೀ ಕೆಂಪಗಿರುತ್ತೆ. ಬೆರಳಿನಿಂದ ಒತ್ತಿದಾಗ ಆ ಕೆಂಪು ಬೆಳ್ಳಗಾಗದಿದ್ದರೆ ಆಗಲೇ ಎಚ್ಚರ ಆಗಬೇಕು. ಎಚ್ಚರ ಇರುವ ಮನುಷ್ಯ ನೋವಾದಾಗ ತಾನೇ ಸ್ವಲ್ಪ ಸರಿಯುತ್ತಾನೆ. ಮಾತ್ರೆ ಹಾಕಿ ಮಲಗಿಸಿದವರು ಹೇಗೆ ಸರಿಯಬೇಕು? ಅದರ ಮೇಲೆ ಈ ಜಾತಿಯ ಮಾತ್ರೆಯಿಂದ ವಯಸ್ಸಾದವರಿಗೆ ಗೊಂದಲ ಆಗುತ್ತೆ, ಎದ್ದರೆ ತೂರಾಡಿ ಬೀಳುತ್ತಾರೆ. ಸೊಂಟ ಮುರಿದುಕೊಂಡವರಿಗೆ ಕೊಡುವಂಥದ್ದಾ ಇದು? ಇದು ಶೆಡ್ಯೂಲ್ ಎಚ್1 ಔಷಧಿ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಾಗಾದರೆ ಏಜೆನ್ಸಿಯವನ ಕೈಗೆ ಇದು ಯಾವ ಅಂಗಡಿಯಿಂದ ಬಂತು, ಯಾರ ಹೆಸರಲ್ಲಿ ಬಂತು?

ನಿಮಗೆ ಹೇಳೋದು ಇಷ್ಟೇ. ನರ್ಸ್ ಅಂದರೆ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ಆ ನಂಬರ್ ಕೇಳಿ. "ಆಫೀಸಿನಲ್ಲಿದೆ" ಅಂದರೆ ಫೋನ್ ಇಟ್ಟುಬಿಡಿ. ಓದಿರದ ಸಹಾಯಕಿ ಸಾಕು ಅನ್ನುವ ಮನೆಗಳೂ ಇವೆ, ಅದು ತಪ್ಪಲ್ಲ, ಆದರೆ ನರ್ಸ್ ಅಂತ ಹೇಳಿ ನರ್ಸಿನ ರೇಟು ತಗೋಬಾರದು. ಔಷಧಿ ಡಬ್ಬ ನೀವೇ ತೆಗೆದು ಡಿಸ್ಚಾರ್ಜ್ ಶೀಟ್ ಜೊತೆ ಹೋಲಿಸಿ. ದೂರ ಇದ್ದೀರಾ? ಪಕ್ಕದ ಮನೆಯವರಿಗೆ ಹೇಳಿ ವಿಡಿಯೋ ಕಾಲಿನಲ್ಲಿ ಬೆನ್ನು, ಹಿಮ್ಮಡಿ ತೋರಿಸಿಕೊಳ್ಳಿ. ಅಪ್ಪ ಅಮ್ಮ ಹಗಲೆಲ್ಲ ಮಲಗಿಯೇ ಇದ್ದಾರೆ ಅಂದರೆ ಡಾಕ್ಟರಿಗೆ ಫೋನ್ ಮಾಡಿ, ಏಜೆನ್ಸಿಗಲ್ಲ. ಹಿರಿಯರ ಸಹಾಯವಾಣಿ 14567, ಗ್ರಾಹಕರ ಸಹಾಯವಾಣಿ 1915.

ಆ ಹುಡುಗಿಗೆ ಬಸ್ ಚಾರ್ಜು, ಬಾಕಿ ಸಂಬಳ ನಾನೇ ಕೊಟ್ಟು ಕಳಿಸಿದೆ. ಮಾತ್ರೆ ನಿಲ್ಲಿಸುವುದನ್ನೂ ಡಾಕ್ಟರು ಹೇಳಿದ ಹಾಗೆಯೇ ಮಾಡಿದೆವು. ಅಮ್ಮ ಈಗ ಏರ್ ಬೆಡ್ ಮೇಲಿದ್ದಾರೆ, ಗಾಯ ನಿಧಾನಕ್ಕೆ ತುಂಬುತ್ತಿದೆ, ಆದರೆ ವಾಕರ್ ಹಿಡಿಯೋಕೆ ಹೆದರುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗೂ ಔಷಧ ನಿಯಂತ್ರಣ ಇಲಾಖೆಗೂ ದೂರು ಬರೆದುಕೊಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೆ ಕಾಗದ ಜೋಡಿಸುತ್ತಿದ್ದೇನೆ. ನಿಮಗೂ ಇಂಥದ್ದೇ ಆಗಿದ್ದರೆ ಹಣ ಕಟ್ಟಿದ ರಸೀದಿ, ಚಾಟ್, ಗಾಯದ ಫೋಟೋ ಯಾವುದನ್ನೂ ಅಳಿಸಬೇಡಿ. ಆ ಖಾಲಿ ಸ್ಟ್ರಿಪ್ಪನ್ನಂತೂ ಎಸೆಯಲೇಬೇಡಿ, ಅದರ ಮೇಲಿನ ಬ್ಯಾಚ್ ನಂಬರ್ ದೂರಿಗೆ ಬೇಕಾಗುತ್ತೆ.