ಗುಣಾಕಾರದ ಮೊದಲ ಪಾಠ: ಹುಣಸೆಬೀಜವೋ, ಬಾಟಲಿ ಮುಚ್ಚಳವೋ?

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎರಡನೇ ತರಗತಿಗೆ ಗುಣಾಕಾರ ಶುರುಮಾಡುವವರು ಮೊದಲು ಬೀಜಗಳನ್ನೇ ಹಿಡಿಯಿರಿ. ನಾಲ್ಕು ಮಕ್ಕಳಿಗೆ 30 ಹುಣಸೆಬೀಜ, 6 ಕಾಗದದ ಲೋಟ ಸಾಕು. ಮೂರು ಲೋಟಕ್ಕೆ ನಾಲ್ಕು ನಾಲ್ಕು ಹಾಕಿದರೆ ‘ಸಮ ಗುಂಪು’ ಕಣ್ಣಿಗೇ ಕಾಣುತ್ತದೆ. ಆದರೂ ಕೆಲವರು 3+4=7 ಎನ್ನುತ್ತಾರೆ, ಏಕೆಂದರೆ ಲೋಟವನ್ನೂ ಬೀಜವನ್ನೂ ಒಂದೇ ಬಗೆಯ ಎಣಿಕೆ ಅಂದುಕೊಂಡಿರುತ್ತಾರೆ. ಲೋಟ ಬರಿದು ಮಾಡಿಸಿ, 4+4+4 ಎಂದು ಬರೆಸಿ, ಆಮೇಲಷ್ಟೇ 3×4. ಈ ಹಂತ ಹಾರಿಸಿದರೆ ಮಗ್ಗಿ ಬರೀ ಬಾಯಿಪಾಠ.

ಸಾಲುಜೋಡಣೆಗೆ, ಅಂದರೆ ಸಮ ಸಾಲುಗಳಲ್ಲಿ ಇಟ್ಟು ತೋರಿಸುವುದಕ್ಕೆ, ಮುಚ್ಚಳ ಮೇಲು. ಎ4 ಹಾಳೆಯಲ್ಲಿ 3.5 ಸೆಂ.ಮೀ. ಚೌಕ ಎಳೆದರೆ 6×8 ಮನೆ ಸಿಗುತ್ತವೆ. ನೀರಿನ ಬಾಟಲಿಯ ಮುಚ್ಚಳ ಅದರೊಳಗೆ ಸರಿಯಾಗಿ ಕೂರುತ್ತದೆ. ಚೌಕವಿಲ್ಲದೆ ಇಡಿಸಿದರೆ ಸಾಲು ಸೊಟ್ಟಗಾಗಿ, ಕೆಳಗಿನ ಸಾಲಿಗೆ ಒಂದು ಹೆಚ್ಚೇ ಬೀಳುತ್ತದೆ. ನಾಲ್ಕು ನಾಲ್ಕು ಮುಚ್ಚಳದ ಮೂರು ಸಾಲು ಇಡಿಸಿ, ಹಾಳೆಯನ್ನು ಕಾಲು ಸುತ್ತು ತಿರುಗಿಸಿ: ಮೂರು ಸಾಲು ನಾಲ್ಕಾಗುತ್ತದೆ, ಮೊತ್ತ ಮಾತ್ರ 12. ಲೋಟಗಳಲ್ಲಿ ಇದನ್ನು ತೋರಿಸುವುದು ಕಷ್ಟ. ಮನೆಯಲ್ಲಿ ಮರಾಠಿ ಪಾಢೆ (ಮಗ್ಗಿ) ಕಲಿತ ಮಕ್ಕಳಿಗೂ ಇದೇ ಚೆನ್ನಾಗಿ ಹಿಡಿಸುತ್ತದೆ. ಹೇಳುವ ಕ್ರಮ ಯಾವುದಾದರೂ ಚಿತ್ರ ಒಂದೇ.

ಒಂದೇ ವಾರವಿದ್ದರೆ ಬೀಜಕ್ಕೆ ಎರಡು ದಿನ, ಉಳಿದದ್ದು ಮುಚ್ಚಳಕ್ಕೆ. ಸೊನ್ನೆಯ ಗುಣಾಕಾರಕ್ಕೆ ಮಾತ್ರ ಖಾಲಿ ಲೋಟಗಳನ್ನೇ ಮತ್ತೆ ತನ್ನಿ.