ದುಡ್ಡು ಕೊಟ್ಟು ಬೇರೆಯವರ ಚಿತ್ರಕ್ಕೆ ಬಣ್ಣ ತುಂಬಿ ಬಂದೆ: ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಓದಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. '12 ಭಾನುವಾರಗಳಲ್ಲಿ ಜಾಮೆಟ್ರಿಕ್ ಅಬ್‌ಸ್ಟ್ರಾಕ್ಟ್ ಪೇಂಟಿಂಗ್ ಕಲಿಯಿರಿ' ಅನ್ನುವ ಪೋಸ್ಟರ್ ಯಾರಾದರೂ ನೋಡಿದ್ದರೆ, ದುಡ್ಡು ಕಟ್ಟುವ ಮೊದಲು ಒಮ್ಮೆ ನಿಲ್ಲಿ. ಹೆಸರು ಹಾಕುವುದಿಲ್ಲ. ನಡೆದದ್ದು ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಚಿಕ್ಕವಳಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿದ್ದೆ. ಆಮೇಲೆ ಬ್ರಶ್ ಮುಟ್ಟಿರಲಿಲ್ಲ. ನಮ್ಮವ್ವ ಕಸೂತಿ ಹಾಕುತ್ತಾಳೆ. ಎಳೆ ಎಣಿಸಿ ಎಣಿಸಿ ಗೋಪುರ, ತೇರು ಮೂಡಿಸುವುದನ್ನು ನೋಡುತ್ತಾ ಬೆಳೆದವಳು ನಾನು. ಬರೀ ಗೆರೆ, ಚೌಕಗಳಲ್ಲೇ ಇಷ್ಟು ಚೆಂದ ಹೇಗೆ ಬರುತ್ತದೆ ಅನ್ನುವ ಆಸೆ ಆಗಿನಿಂದಲೂ ಇತ್ತು. ಪೋಸ್ಟರಿನಲ್ಲಿ ಡಚ್ ಕಲಾವಿದ ಮಾಂಡ್ರಿಯನ್‌ನ ಕೆಂಪು, ನೀಲಿ, ಹಳದಿ ಚೌಕಗಳನ್ನು ನೋಡಿದವಳೇ ಫೋನ್ ಮಾಡಿದೆ.

ಫೀ 8,500. ಕಿಟ್‌ಗೆ ಬೇರೆ 3,000. 'ಹೊರಗಿನ ಬಣ್ಣ ನಡಿಯಂಗಿಲ್ರೀ' ಅಂದರು. ಅದೇ ಬಣ್ಣ, ಅದೇ ಬ್ರಶ್, ಅದೇ ಟೇಪ್ ಅಂಗಡಿಯಲ್ಲಿ 1,150ಕ್ಕೆ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾನೊಬ್ಬಳೇ ಹೋಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬ ಟೀಚರನ್ನೂ ಕರೆದುಕೊಂಡು ಹೋದೆ. ಪಾಪ, ಅವರು ಪ್ರತಿ ಭಾನುವಾರ ಧಾರವಾಡದಿಂದ ಚಿಗರಿ ಬಸ್ ಹಿಡಿದು ಬರುತ್ತಿದ್ದರು.

ಮೊದಲ ದಿನ ಮಾಂಡ್ರಿಯನ್ ಬಗ್ಗೆ 20 ನಿಮಿಷ ಮಾತು. ಆಮೇಲೆ ಎಲ್ಲರ ಕೈಗೂ ಒಂದೊಂದು ಕ್ಯಾನ್ವಾಸ್. ಪೆನ್ಸಿಲ್ ಗೆರೆ ಆಗಲೇ ಹಾಕಿತ್ತು! ಯಾವ ಚೌಕಕ್ಕೆ ಯಾವ ಬಣ್ಣ ಅಂತ ಸಣ್ಣದಾಗಿ ಬರೆದೂ ಇತ್ತು. 'ಮೊದ್ಲ ಕೈ ಕೂಡ್ಲಿ ಮೇಡಂ, ಆಮ್ಯಾಲೆ ನಿಮ್ಮ ಸ್ವಂತ ಕಾಂಪೊಸಿಷನ್' ಅಂದರು. ಸರಿ ಅಂದುಕೊಂಡೆ. ಎರಡನೇ ವಾರವೂ ಗೆರೆ ಹಾಕಿದ ಕ್ಯಾನ್ವಾಸ್. ಐದನೇ ವಾರವೂ ಅದೇ. ಎಂಟನೇ ವಾರವೂ ಅದೇ. ಸ್ವಂತದ್ದು ಬರಲೇ ಇಲ್ಲ.

ಕಲಿತದ್ದು ಒಂದೇ. ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಕೆಳಗಿನ ಬಣ್ಣವನ್ನೇ ಒಂದು ಕೈ ಹಚ್ಚಬೇಕು. ಆಗ ಸಂದು ಮುಚ್ಚಿಕೊಂಡು ಹೊಸ ಬಣ್ಣ ಒಳಗೆ ಇಳಿಯುವುದಿಲ್ಲ. ಪೂರ್ತಿ ಒಣಗುವ ಮೊದಲು ಟೇಪ್ ಕೀಳಬೇಕು. ಇದನ್ನೂ ಹೇಳಿಕೊಟ್ಟದ್ದು ಅಲ್ಲಿ ಕೆಲಸಕ್ಕಿದ್ದ ಹುಡುಗ, ಸರ್ ಅಲ್ಲ.

'ಈ ಗೆರೆ ಅಂಚಿನ ತನಕ ಹೋಗದೆ ಇಲ್ಲೇ ಯಾಕೆ ನಿಂತಿದೆ ಸರ್?' ಅಂತ ಕೇಳಿದೆ. 'ಅದು ಫೀಲ್ ಮೇಡಂ, ಹೇಳಿ ಬರೂದಲ್ಲ' ಅಂದರು.

ಹೇಳಿ ಬರುತ್ತದೆ. ನಾನೇ ಕೂತು ಓದಿ ನೋಡಿದೆ. ಮಾಂಡ್ರಿಯನ್ ಒಮ್ಮೆಗೇ ಚೌಕಕ್ಕೆ ಬಂದವನಲ್ಲ. ವರ್ಷಗಟ್ಟಲೆ ಮರ ಬರೆದವನು. 1911ರ ಬೂದು ಬಣ್ಣದ ಮರದಲ್ಲಿ ಕೊಂಬೆಗಳು ಆಗಲೇ ಗೆರೆಗಳಾಗುತ್ತಿವೆ. ಚೌಕಗಳು ಬಂದದ್ದು 1920ರ ಸುಮಾರಿಗೆ. ಅವನ ಕಪ್ಪು ಗೆರೆಗಳೆಲ್ಲ ಒಂದೇ ದಪ್ಪ ಇಲ್ಲ. ಕೆಲವು ಅಂಚು ಮುಟ್ಟುವ ಮೊದಲೇ ನಿಲ್ಲುತ್ತವೆ. ಬಿಳಿ ಕೂಡ ಎಲ್ಲ ಕಡೆ ಒಂದೇ ಬಿಳಿ ಅಲ್ಲ. ಆಲ್ಬರ್ಸ್ ಅನ್ನುವ ಇನ್ನೊಬ್ಬ ಕಲಾವಿದ 1950ರಿಂದ 25 ವರ್ಷ ಚೌಕದೊಳಗೆ ಚೌಕ ಬರೆದ. ಒಂದೇ ಬಣ್ಣ ಪಕ್ಕದ ಬಣ್ಣ ಬದಲಾದರೆ ಬೇರೆಯೇ ಕಾಣುತ್ತದೆ. ಅವನು ಅದನ್ನು ವಿದ್ಯಾರ್ಥಿಗಳಿಗೆ ಬಣ್ಣದ ಕಾಗದ ಇಟ್ಟು ಕಲಿಸುತ್ತಿದ್ದ. ಬಣ್ಣದ ಕಾಗದ, ಒಂದು ಕತ್ತರಿ! ಇದಕ್ಕೆ 3,000ದ ಕಿಟ್ ಬೇಕಾ?

ಅವ್ವನಿಗೆ ಕ್ಲಾಸಿನ ಫೋಟೋ ತೋರಿಸಿದ್ದೆ. 'ಇದೇನವಾ, ಎಲ್ಲಾರದೂ ಒಂದ ನಮೂನಿ ಐತಲ್ಲ' ಅಂದಳು. ಆಗಲೇ ನನಗೆ ತಿಳಿಯಬೇಕಿತ್ತು. 'ಕೊನಿಗೆ ಪ್ರದರ್ಶನ ಮಾಡೂಣು, ಎಲ್ಲಾ ಇಲ್ಲೇ ಇರ್ಲಿ' ಅಂತ ಸರ್ ಯಾರ ಕ್ಯಾನ್ವಾಸನ್ನೂ ಮನೆಗೆ ಕೊಡುತ್ತಿರಲಿಲ್ಲ. ಆಗಲೂ ತಿಳಿಯಬೇಕಿತ್ತು.

ಹತ್ತನೇ ವಾರ. ವಿದ್ಯಾನಗರದಲ್ಲಿ ಹೊಸದಾಗಿ ಆದ ಒಂದು ಹೋಟೆಲಿಗೆ ಮನೆಯವರೆಲ್ಲ ಹೋಗಿದ್ದೆವು. ಎದುರಿನ ಗೋಡೆಯ ಮೇಲೆ ನಾಲ್ಕು ಚಿತ್ರ. ಮೂರನೆಯದನ್ನು ನೋಡಿ ಕೈಯಲ್ಲಿದ್ದ ಚಹಾ ಹಾಗೇ ಕೆಳಗಿಟ್ಟೆ. ಬಲಗಡೆ ಕೆಳಗೆ ಹಳದಿ ಕಪ್ಪಿನೊಳಗೆ ಇಳಿದಿತ್ತು. ನಾನು ಟೇಪಿನ ಸಂದು ಸರಿಯಾಗಿ ಮುಚ್ಚದ ಜಾಗ ಅದು. ಆ ಕಲೆಯನ್ನು ಒಂದು ಗಂಟೆ ತಿದ್ದಿದ್ದೆ, ನನಗೆ ಗೊತ್ತಾಗಲ್ವಾ? ಮಾಲೀಕರನ್ನು ಕೇಳಿಕೊಂಡೆ, ಇಳಿಸಿ ತೋರಿಸಿದರು. ಹಿಂದೆ ಕಟ್ಟಿಗೆಯ ಮೇಲೆ 14 ಅಂತ ಬರೆದಿತ್ತು. ನನ್ನ ಕಿಟ್ ನಂಬರ್. ಮುಂದೆ ಸರ್ ಅವರ ಸಹಿ! ಒಂದಕ್ಕೆ 6,000 ಕೊಟ್ಟೆ ಅಂದರು ಮಾಲೀಕರು. ಅವರದೇನೂ ತಪ್ಪಿಲ್ಲ.

ಮಕ್ಕಳ ಮುಂದೆ ಕಣ್ಣಲ್ಲಿ ನೀರು ಬಂತು.

ರಾತ್ರಿ ವಾಟ್ಸಾಪ್ ಮಾಡಿದೆ. ಬೆಳಿಗ್ಗೆ ಉತ್ತರ: 'ಡಿಸೈನ್ ನಂದು ಮೇಡಂ. ನೀವು ಬಣ್ಣ ತುಂಬೀರಿ ಅಷ್ಟ.' ಸ್ವಂತ ಕಾಂಪೊಸಿಷನ್ ಕಲಿಸುತ್ತೇನೆ ಅಂದವರ ಮಾತು ಇದು. ಮಾರಿದ್ದೀರಲ್ಲ ಅಂದರೆ, 'ಡಿಸ್‌ಪ್ಲೇಕ್ಕ ಕೊಟ್ಟೇನಿ.' ಮಾಲೀಕರು ಹೇಳಿದ್ದನ್ನು ಬರೆದೆ. ಆಗ, 'ದೊಡ್ಡ ದೊಡ್ಡ ಕಲಾವಿದರೂ ಹಿಂಗ ಮಾಡ್ತಾರ್ರೀ. ಸೋಲ್ ಲೆವಿಟ್ ಅಂತ ಗೂಗಲ್ ಮಾಡ್ರಿ.'

ಮಾಡಿದೆ. ಲೆವಿಟ್ 1968ರಿಂದ ಗೋಡೆ ಚಿತ್ರಗಳಿಗೆ ಸೂಚನೆ ಬರೆದು ಕೊಡುತ್ತಿದ್ದ, ಬೇರೆಯವರು ಬರೆಯುತ್ತಿದ್ದರು, ನಿಜ. ಆದರೆ ಎಷ್ಟೋ ಕಡೆ ಮ್ಯೂಸಿಯಂ ಚೀಟಿಯಲ್ಲಿ ಬರೆದವರ ಹೆಸರೂ ಇರುತ್ತದೆ. ಅವರು ಕೈಯಿಂದ ಫೀ ಕಟ್ಟಿ ಬಂದವರಲ್ಲ! ಇದನ್ನು ಬರೆದು ಕಳಿಸಿದೆ. ಎರಡು ನೀಲಿ ಗುರುತು ಬಂದವು. ಉತ್ತರ ಇಲ್ಲ.

ದುಡ್ಡು ವಾಪಸ್ ಕೇಳಿದಾಗ ಮಾತ್ರ ಉತ್ತರ ಬಂತು. 'ಫೀ ವಾಪಸ್ ಇಲ್ಲಂತ ರಸೀದಿ ಹಿಂದ ಬರ್ದೈತಿ. ನೀವು ಟೀಚರ್ ಅದೀರಿ, ಓದಬೇಕಾಗಿತ್ತು.' ಆ ಮಾತು ಇನ್ನೂ ಚುಚ್ಚುತ್ತಿದೆ. ಐದು ನಿಮಿಷಕ್ಕೆ ಗ್ರೂಪಿನಿಂದ ನನ್ನನ್ನು ತೆಗೆದರು.

ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಧಾರವಾಡ ಪಕ್ಕದಲ್ಲೇ ಇದೆ. ಪ್ರೀತಿಯಿಂದ ಕಲಿಸುವವರು ಇಲ್ಲಿ ಜಾಸ್ತಿ ಇದ್ದಾರೆ, ಅಂಥವರನ್ನು ಹುಡುಕಿ. ಕ್ಲಾಸಿಗೆ ಹೋಗಿ ಹಳೆಯ ವಿದ್ಯಾರ್ಥಿಗಳ ಚಿತ್ರ ನೋಡಿ. ಎಲ್ಲ ಒಂದೇ ನಮೂನೆ ಇದ್ದರೆ ಹೊರಗೆ ಬನ್ನಿ. ಒಮ್ಮೆಗೇ ಪೂರ್ತಿ ಫೀ ಕಟ್ಟಬೇಡಿ. ಬರೆದ ಚಿತ್ರವನ್ನು ಅವತ್ತೇ ಮನೆಗೆ ತನ್ನಿ, ಕೊಡದಿದ್ದರೆ ಜಗಳ ಮಾಡಿಯಾದರೂ ತನ್ನಿ. ರಸೀದಿ ಹಿಂದೆ ಏನಿದೆ ಓದಿ.

ನನ್ನ ಜೊತೆಯ ಟೀಚರ್‌ದು ಆರು ಕ್ಯಾನ್ವಾಸ್ ಇನ್ನೂ ಅಲ್ಲೇ ಇವೆ. ನಾಳೆ ಇಬ್ಬರೂ ಹೋಗಿ ಕೇಳುತ್ತೇವೆ. ಈ ಭಾನುವಾರ ಹೊಸ ಬ್ಯಾಚ್ ಶುರು ಅಂತ ಅವರು ಸ್ಟೇಟಸ್ ಹಾಕಿದ್ದಾರಂತೆ. ಅದಕ್ಕೇ ಇವತ್ತೇ ಬರೆದೆ.